ಚಿಲ್ಲರೆ ಬರದ ಕಾಲದ ಚೀಟಿಗಳು



1943ರಲ್ಲಿ ಚಲಾವಣೆಗೆ ಬಂದ ಒಂದು ಪೈಸೆಯ ಕಂಚಿನ ನಾಣ್ಯದ ನಡುವೆ ಪೆನ್ಸಿಲ್ ಸಲೀಸಾಗಿ ತೂರುವಷ್ಟು ದೊಡ್ಡ ತೂತಿದೆ. ರಾಜನ ಮುಖ ಅದರ ಮೇಲಿಲ್ಲ. ಒಂದು ಬದಿಗೆ ಕಿರೀಟ, ಬೆಲೆ, ಇಸವಿ. ಇನ್ನೊಂದು ಬದಿಗೆ ತೂತಿನ ಸುತ್ತ ಹಬ್ಬಿದ ಎಲೆಗಳ ಬಳ್ಳಿ. ಅದಕ್ಕೂ ಹಿಂದಿನ ಪೈಸೆ ಐದು ಗ್ರಾಮಿಗೆ ತುಸು ಕಡಿಮೆ ತೂಗುತ್ತಿತ್ತು. ಇದು ತೂಗುವುದು ಎರಡೇ ಗ್ರಾಮು. ತೂತಿನ ಕಾಸು ಎಂದು ನಮ್ಮ ಹಿರಿಯರು ಕರೆದ ಈ ನಾಣ್ಯವನ್ನು ತಾಯಂದಿರು ಮಕ್ಕಳ ಉಡದಾರಕ್ಕೆ ಪೋಣಿಸಿದರು, ಕಮ್ಮಾರಸಾಲೆಯವರು ಬೋಲ್ಟಿನಡಿ ವಾಷರ್ ಮಾಡಿಕೊಂಡರು. ಎರಡನೇ ಮಹಾಯುದ್ಧ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಅಂಗಡಿಕಟ್ಟೆಗೂ ಬಂದಿತ್ತೆಂಬುದಕ್ಕೆ ಇಷ್ಟು ಸುಲಭವಾಗಿ ಕೈಗೆ ಸಿಗುವ ಸಾಕ್ಷಿ ಮತ್ತೊಂದಿಲ್ಲ.

ಆದರೆ ಈ ಉಪನ್ಯಾಸದ ವಿಷಯ ಆ ನಾಣ್ಯ ಸಾಲದೇ ಹೋದಾಗ ಅದರ ಜಾಗದಲ್ಲಿ ಓಡಾಡಿದ ವಸ್ತುಗಳು. ಯುದ್ಧಕಾಲದಲ್ಲಿ ಚಿಲ್ಲರೆ ಕಾಣೆಯಾದಾಗ ವ್ಯಾಪಾರಿಗಳು ತಾವೇ ಹೊರಡಿಸುವ ಬಿಲ್ಲೆ, ಕೂಪನ್ನು, ಚೀಟಿಗಳನ್ನು ಸಂಗ್ರಹಿಸುವ ಹವ್ಯಾಸ ಪಶ್ಚಿಮ ದೇಶಗಳಲ್ಲಿ ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಆ ಶಾಸ್ತ್ರದ ಪುಸ್ತಕಗಳನ್ನು ಓದಿ ಬಂದ ಸಂಗ್ರಾಹಕ ನಮ್ಮ ಸೀಮೆಯಲ್ಲೂ ಹಿತ್ತಾಳೆಯ ಬಿಲ್ಲೆಗಳನ್ನೇ ಹುಡುಕುತ್ತಾನೆ. ಹುಡುಕಬೇಕಾದ ಜಾಗ ಬೇರೆ. ನಮ್ಮ ಪೇಟೆಗಳ ಯುದ್ಧಕಾಲದ ಚಿಲ್ಲರೆ ಇರುವುದು ದಲಾಲಿ ಅಂಗಡಿಗಳ ದಫ್ತರಗಳಲ್ಲಿ, ಕಿರ್ದಿ-ಖತಾವಣಿಗಳ ಹಾಳೆಗಳ ನಡುವೆ. ಯಾಕೆ ಹೀಗೆ ಎಂಬುದನ್ನು ತಿಳಿಯಲು ಲೋಹದಿಂದಲೂ ಕಾನೂನಿನಿಂದಲೂ ಹೊರಡಬೇಕು.

ಮೊದಲು ಕೊರತೆಯ ಕಾರಣಗಳು. 1940ರ ಬೇಸಿಗೆಯಲ್ಲಿ ಫ್ರಾನ್ಸ್ ಜರ್ಮನಿಗೆ ಶರಣಾದ ಸುದ್ದಿ ಬಂದದ್ದೇ ತಡ, ಭಾರತದಲ್ಲಿ ಜನ ನೋಟು ಕೊಟ್ಟು ಬೆಳ್ಳಿ ರೂಪಾಯಿ ಪಡೆಯಲು ಮುಗಿಬಿದ್ದರು. ಸ್ವಂತಕ್ಕೋ ವ್ಯಾಪಾರಕ್ಕೋ ಬೇಕಾದುದಕ್ಕಿಂತ ಹೆಚ್ಚು ನಾಣ್ಯ ಕೂಡಿಡುವುದು ಆ ಜೂನ್ ತಿಂಗಳಲ್ಲಿ ಭಾರತ ರಕ್ಷಣಾ ನಿಯಮಗಳಡಿ ಅಪರಾಧವಾಯಿತು. ಜುಲೈನಲ್ಲಿ ಸರ್ಕಾರ ಒಂದು ರೂಪಾಯಿಯ ನೋಟು ಹೊರಡಿಸಿತು. ಅದೇ ವರ್ಷ ನಾಣ್ಯದಲ್ಲಿನ ಬೆಳ್ಳಿಯ ಪಾಲು ಹನ್ನೆರಡರಲ್ಲಿ ಹನ್ನೊಂದರಿಂದ ಅರ್ಧಕ್ಕೆ ಇಳಿಯಿತು. 1941ರ ಏಪ್ರಿಲ್‌ನಿಂದ ವಿಕ್ಟೋರಿಯಾ ರಾಣಿಯ ರೂಪಾಯಿಗೆ ಕಾನೂನಿನ ಮಾನ್ಯತೆಯೇ ಹೋಯಿತು. ರಾಣಿಯ ರೂಪಾಯಿಯನ್ನು ಬಂಗಾರದಷ್ಟೇ ನಂಬಿ ಗಡಿಗೆಯಲ್ಲಿ ಹೂಳಿಟ್ಟಿದ್ದ ಒಕ್ಕಲು ಮನೆಗಳಿಗೆ ಇದೆಂಥ ಸುದ್ದಿಯಾಗಿದ್ದೀತು, ಊಹಿಸಬಹುದು.

ಇದು ದೊಡ್ಡ ನಾಣ್ಯದ ಮಾತು. ಚಿಲ್ಲರೆಯ ಸಂಕಟ ಅದಕ್ಕಿಂತ ತುಸು ತಡವಾಗಿ, 1942 ಮತ್ತು 1943ರಲ್ಲಿ ತೀವ್ರವಾಯಿತು. ತಾಮ್ರ ಮತ್ತು ನಿಕಲ್ ಮದ್ದುಗುಂಡಿಗೆ ಬೇಕಾಗಿದ್ದವು. 1942ರಲ್ಲಿ ಆಣೆ, ಎರಡಾಣೆಗಳು ನಿಕಲ್ ಬೆರೆಸಿದ ಹಿತ್ತಾಳೆಗೆ ತಿರುಗಿದವು, ಅರ್ಧ ಆಣೆಯೆಂಬ ಹೊಸ ನಾಣ್ಯವೂ ಅದೇ ಲೋಹದಲ್ಲಿ ಬಂತು. ಮರುವರ್ಷ ತೂತಿನ ಪೈಸೆ. ಕಲ್ಕತ್ತ, ಮುಂಬಯಿ ಟಂಕಸಾಲೆಗಳು ಸಾಲದೆ 1943ರಲ್ಲಿ ಲಾಹೋರಿನಲ್ಲಿ ಮೂರನೆಯದನ್ನು ತೆರೆಯಬೇಕಾಯಿತು. ಆ ವರ್ಷಗಳ ನಾಣ್ಯದಲ್ಲಿ ಚಿಕ್ಕ ಇಂಗ್ಲಿಷ್ ಎಲ್ ಅಕ್ಷರ ಕಂಡರೆ ಅದು ಲಾಹೋರಿನ ಗುರುತು.

ಲೋಹದ ಅಭಾವವೊಂದೇ ಕಾರಣವಲ್ಲ. ಯುದ್ಧ ಆರಂಭವಾದಾಗ ದೇಶದಲ್ಲಿ ಚಲಾವಣೆಯಲ್ಲಿದ್ದ ನೋಟುಗಳು ಸುಮಾರು 180 ಕೋಟಿ ರೂಪಾಯಿಯವು; 1945ರ ಹೊತ್ತಿಗೆ ಅವು 1,100 ಕೋಟಿ ದಾಟಿದ್ದವು. ಪಡೆಗಳಿಗೆ ಬಟ್ಟೆ, ದವಸ, ಚರ್ಮ, ಕಟ್ಟಿಗೆ ಕೊಳ್ಳಲು ಸರ್ಕಾರ ಕಾಗದ ಅಚ್ಚು ಹಾಕಿತು. ಕಾಗದ ಹೆಚ್ಚಾದಷ್ಟೂ ಅದನ್ನು ಮುರಿಸಲು ಹೆಚ್ಚು ಚಿಲ್ಲರೆ ಬೇಕು. ನೋಟು ಆರು ಪಟ್ಟಾಯಿತು, ಪೈಸೆ-ಆಣೆಗಳು ಅದೇ ವೇಗದಲ್ಲಿ ಬೆಳೆಯಲಿಲ್ಲ. ಬೆಲೆ ಏರುವ ಭಯಕ್ಕೆ ಸಿಕ್ಕ ಚಿಲ್ಲರೆಯನ್ನು ಜನ ಬಿಟ್ಟುಕೊಡಲಿಲ್ಲ. ಸರ್ಕಾರ ತಪ್ಪನ್ನೆಲ್ಲ ಕೂಡಿಡುವವರ ಮೇಲೆ ಹೊರಿಸಿತು. ನೋಟುಗಳ ಲೆಕ್ಕ ನೋಡಿದರೆ ಆ ಆರೋಪ ಅರ್ಧಸತ್ಯವೆನ್ನಲೇಬೇಕು.

ಸಭಿಕರೇ, ಈ ಕೊರತೆ ಎಲ್ಲರನ್ನೂ ಒಂದೇ ರೀತಿ ಕಾಡಲಿಲ್ಲ. ಹಳ್ಳಿಯ ಹೊಲದ ಕೂಲಿ ಬಹುಮಟ್ಟಿಗೆ ಜೋಳದಲ್ಲಿ ಸಲ್ಲುತ್ತಿತ್ತು. ಬಡಿಗ, ಕಮ್ಮಾರ, ಅಗಸ, ಕ್ಷೌರಿಕರಿಗೆ ಸುಗ್ಗಿಯಲ್ಲಿ ಆಯ ಬರುತ್ತಿತ್ತು. ಸೇರು, ಪಾವುಗಳಲ್ಲಿ ಅಳೆದು ಮುಗಿಯುವ ಆ ಲೆಕ್ಕಕ್ಕೆ ಆಣೆಯ ಹಂಗು ಕಡಿಮೆ. ನಿಜವಾಗಿ ಬಿಸಿ ತಟ್ಟಿದ್ದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಪೇಟೆಗಳಿಗೆ. ಆಗ ಹಾವೇರಿ ಜಿಲ್ಲೆಯೇ ಇರಲಿಲ್ಲ, ಅದು ರೂಪುಗೊಂಡದ್ದು 1997ರಲ್ಲಿ. ಮೂರೂ ಊರುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ರೈಲುದಾರಿ ಮೂರನ್ನೂ ಪೋಣಿಸಿತ್ತು. ತುಂಗಭದ್ರೆಯ ಆಚೆ ಹರಿಹರದಲ್ಲಿ ಮೈಸೂರು ಸಂಸ್ಥಾನ, ಹರಪನಹಳ್ಳಿಯ ಕಡೆ ಮದ್ರಾಸ್ ಪ್ರಾಂತ. ರಾಣೆಬೆನ್ನೂರಿಗೆ ಹತ್ತಿ ಬರುತ್ತಿತ್ತು, ಬ್ಯಾಡಗಿಗೆ ಮೆಣಸಿನಕಾಯಿ. ಮಲೆನಾಡಿನ ಏಲಕ್ಕಿಯನ್ನು ತೊಳೆದು ಹಸನು ಮಾಡಿ ಕಳಿಸುವುದರಲ್ಲಿ ಹಾವೇರಿಗೆ ಹಿಂದಿನಿಂದಲೂ ಹೆಸರಿತ್ತು.

ಇಂಥ ಪೇಟೆಯ ದುಡಿಮೆಯ ಸ್ವರೂಪವನ್ನು ಗಮನಿಸಿ. ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಣ್ಣುಮಕ್ಕಳು, ಚೀಲ ಹೊರುವ ಹಮಾಲರು, ಅರಳೆ ಹಿಂಜುವವರು, ಗಾಡಿ ಹೊಡೆಯುವವರು, ಇವರೆಲ್ಲರ ಗಳಿಕೆ ಆಣೆ-ಪೈಸೆಗಳ ಮಟ್ಟದ್ದು, ಅದೂ ದಿನದಿನಕ್ಕೆ ಸಲ್ಲಬೇಕಾದದ್ದು. ಅಡತಿ ಅಂಗಡಿಯ ಯಜಮಾನನಿಗೆ ಹೊರಗಿನ ಖರೀದಿದಾರನಿಂದ ಬರುವುದು ಹುಂಡಿ, ಇಲ್ಲವೆ ನೂರು ರೂಪಾಯಿಯ ನೋಟು. ದೊಡ್ಡ ಹಣ ಒಳಬಂದು ಸಣ್ಣ ಹಣವಾಗಿ ಹೊರಹೋಗುವ ಊರುಗಳಿವು. ಚಿಲ್ಲರೆ ನಿಂತರೆ ಮೊದಲು ನಿಲ್ಲುವುದು ಹಮಾಲನ ಸಂಜೆಯ ಚಹಾ.

ಇಂಥ ಹೊತ್ತಿನಲ್ಲಿ ಬೇರೆ ದೇಶದ ವ್ಯಾಪಾರಿಗಳು ಮಾಡಿದ್ದೇನು? ಅಮೆರಿಕದ ಅಂತರ್ಯುದ್ಧದ ಉದಾಹರಣೆ ಎಲ್ಲಕ್ಕಿಂತ ಪ್ರಸಿದ್ಧ. 1862ರಲ್ಲಿ ಅಲ್ಲಿ ಬಂಗಾರ, ಬೆಳ್ಳಿ, ಕೊನೆಗೆ ಒಂದು ಸೆಂಟಿನ ನಾಣ್ಯವೂ ಮಾಯವಾಯಿತು. ಸಿನ್ಸಿನಾಟಿ, ನ್ಯೂಯಾರ್ಕ್ ಮೊದಲಾದ ಊರುಗಳ ಕಿರಾಣಿ ಅಂಗಡಿಗಳು, ಸಾರಾಯಿಖಾನೆಗಳು, ಔಷಧದಂಗಡಿಗಳು ಸೆಂಟಿನ ಅಳತೆಯ ತಾಮ್ರದ ಬಿಲ್ಲೆಗಳನ್ನು ತಮ್ಮ ಹೆಸರು ಕೆತ್ತಿಸಿ ಹೊರಡಿಸಿದವು. ಎರಡೇ ವರ್ಷದಲ್ಲಿ ಇಂಥವು ಸುಮಾರು ಎರಡೂವರೆ ಕೋಟಿ ಹೊರಬಂದವೆಂದು ಅಂದಾಜು. ಗುಸ್ತಾವಸ್ ಲಿಂಡೆನ್‌ಮ್ಯೂಲರ್ ಎಂಬ ನ್ಯೂಯಾರ್ಕಿನ ಸಾರಾಯಿ ವ್ಯಾಪಾರಿ ಹತ್ತು ಲಕ್ಷದಷ್ಟು ಬಿಲ್ಲೆ ಹೊರಡಿಸಿದ. ಕುದುರೆ ಟ್ರಾಮಿನ ಕಂಪನಿಯೊಂದು ತನ್ನಲ್ಲಿ ರಾಶಿಬಿದ್ದ ಆ ಬಿಲ್ಲೆಗಳನ್ನು ಒಯ್ದು ಹಣ ಕೇಳಿದಾಗ ಅವನು ಕೊಡಲಿಲ್ಲವೆಂದೂ, ಕಂಪನಿಗೆ ದಾವೆ ಹೂಡುವ ದಾರಿಯೂ ಇರಲಿಲ್ಲವೆಂದೂ ಈ ವಿಷಯದ ಗ್ರಂಥಗಳು ಹೇಳುತ್ತವೆ. 1864ರಲ್ಲಿ ಅಲ್ಲಿನ ಕಾಂಗ್ರೆಸ್ ಖಾಸಗಿ ನಾಣ್ಯಗಳನ್ನು ನಿಷೇಧಿಸಿತು.

ಆ ಯುದ್ಧಕ್ಕೂ ನಮ್ಮ ಸೀಮೆಗೂ ನೇರ ನಂಟಿದೆ. 1861ರಿಂದ 1865ರವರೆಗೆ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಹೋಗದೆ ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಬಿದ್ದದ್ದು ಭಾರತದ ಹತ್ತಿಯ ಮೇಲೆ. ಧಾರವಾಡ ಜಿಲ್ಲೆಯಲ್ಲಿ ಅದಕ್ಕೆ ಎರಡು ದಶಕ ಹಿಂದೆಯೇ ಅಮೆರಿಕನ್ ತಳಿಯ ಬೀಜ ಬೇರೂರಿ, ಧಾರವಾಡ-ಅಮೆರಿಕನ್ ಎಂಬ ಹೆಸರಿನಲ್ಲೇ ಅರಳೆ ಮಾರಾಟವಾಗುತ್ತಿತ್ತು. ಬೆಲೆ ಏರಿತು, ಕಪ್ಪು ಮಣ್ಣಿನ ಈ ಹೊಲಗಳತ್ತ ಬೆಳ್ಳಿ ಹರಿದು ಬಂತು. ಒಂದೇ ಯುದ್ಧ ಸಿನ್ಸಿನಾಟಿಯ ಅಂಗಡಿಯವನಿಂದ ಚಿಲ್ಲರೆ ಕಸಿದು ತಾಮ್ರದ ಬಿಲ್ಲೆ ಮಾಡಿಸಿತು. ಅದೇ ಯುದ್ಧ ಧಾರವಾಡ ಸೀಮೆಯ ಹತ್ತಿ ಬೆಳೆಗಾರನ ಮನೆಗೆ ರೂಪಾಯಿ ತಂದಿತು. ನಾಣ್ಯಸಂಗ್ರಹವನ್ನು ಬರೀ ಲೋಹದ ವಿದ್ಯೆಯೆಂದು ಭಾವಿಸಿದರೆ ಇಂಥ ಕೊಂಡಿಗಳು ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನು ಕಾನೂನು. 1942ರಲ್ಲಿ ರಾಣೆಬೆನ್ನೂರಿನ ವ್ಯಾಪಾರಿ ಸಿನ್ಸಿನಾಟಿಯವನಂತೆ ಬಿಲ್ಲೆ ಹೊಡೆಸಬಹುದಿತ್ತೆ? ಸಾಧ್ಯವಿರಲಿಲ್ಲ. ಬ್ರಿಟಿಷ್ ಭಾರತದಲ್ಲಿ 1889ರಲ್ಲೇ ಲೋಹದ ಟೋಕನ್‌ಗಳ ಕಾಯ್ದೆ ಬಂದಿತ್ತು. ಹಣವಾಗಿ ಬಳಸಲೆಂದು ಲೋಹದ ತುಂಡುಗಳನ್ನು ಖಾಸಗಿಯವರು ಮಾಡುವುದು, ಹೊರಡಿಸುವುದು, ಹೊರಡಿಸಲೆಂದು ಇಟ್ಟುಕೊಳ್ಳುವುದು ಸೆರೆಮನೆ ಶಿಕ್ಷೆಯ ಅಪರಾಧ. ಕಾಗದಕ್ಕೂ ಬೇಲಿಯಿತ್ತು: 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 31ನೇ ಕಲಮು, ಕೇಳಿದ ಕೂಡಲೇ ತಂದವರಿಗೆ ಹಣ ಕೊಡುತ್ತೇನೆಂಬ ಪತ್ರ ಬರೆಯುವ ಹಕ್ಕನ್ನು ಬ್ಯಾಂಕಿಗೂ ಸರ್ಕಾರಕ್ಕೂ ಮಾತ್ರ ಉಳಿಸಿತ್ತು.

ಅದಕ್ಕೇ ಭಾರತದಲ್ಲಿ ಈ ಕಾಲದ ಪ್ರಸಿದ್ಧ ಬದಲಿ ಹಣವೆಲ್ಲ ದೇಶೀ ಸಂಸ್ಥಾನಗಳದು. ಕಾಠಿಯಾವಾಡದ ಮೋರ್ವಿ, ನವಾನಗರ, ಜುನಾಗಢ, ರಾಜಪುತಾನದ ಬಿಕಾನೇರ, ಬೂಂದಿ, ಮಾಳವದ ಸೈಲಾನಾ ಮೊದಲಾದ ಸಂಸ್ಥಾನಗಳು ಪೈಸೆ, ಆಣೆಗಳ ಬೆಲೆಯ ಪುಟ್ಟ ಕಾಗದದ ಕೂಪನ್‌ಗಳನ್ನು ಅಚ್ಚು ಹಾಕಿಸಿದವು. ಬ್ರಿಟಿಷ್ ಭಾರತದ ಕಾಯ್ದೆ ಅಲ್ಲಿಗೆ ನೇರವಾಗಿ ಸಲ್ಲುತ್ತಿರಲಿಲ್ಲ. ಇಂದು ಹರಾಜುಗಳಲ್ಲಿ ದೊಡ್ಡ ಬೆಲೆಗೆ ಹೋಗುವ ಆ ಕೂಪನ್‌ಗಳ ಹಿಂದೆ ರಾಜನ ಖಜಾನೆ ಇತ್ತು. ಧಾರವಾಡ ಜಿಲ್ಲೆಯ ಅಂಗಡಿಯವನ ಹಿಂದೆ ಇದ್ದದ್ದು ಅವನ ಹೆಸರು ಮಾತ್ರ.

ಕರ್ನಾಟಕದೊಳಗೇ ಇನ್ನೊಂದು ಬಗೆಯ ಬದಲಿ ಹಣ ಆಗ ಓಡುತ್ತಿತ್ತು. ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಬೆಂಗಳೂರಿನ ಶಿಬಿರಗಳಲ್ಲಿ ಇರಿಸಿದ್ದರು. ನಿಜವಾದ ಹಣ ಕೈಯಲ್ಲಿದ್ದರೆ ತಪ್ಪಿಸಿಕೊಳ್ಳಲು ಅನುಕೂಲವೆಂದು ಅವರಿಗೆ ಶಿಬಿರದ ಕ್ಯಾಂಟೀನಿನಲ್ಲಷ್ಟೇ ನಡೆಯುವ ಕೂಪನ್ ಕೊಡಲಾಗುತ್ತಿತ್ತು. ತಂತಿಬೇಲಿಯ ಆಚೆ ಅದಕ್ಕೆ ಬೆಲೆಯಿಲ್ಲ. ಈ ಗುಣದಿಂದಲೇ ಅದು ಸಂಗ್ರಾಹಕನಿಗೆ ಒಳ್ಳೆಯ ಪಾಠ: ಬದಲಿ ಹಣದ ಮೊದಲ ಪ್ರಶ್ನೆ ಅದರ ಮುಖಬೆಲೆ ಎಷ್ಟೆಂಬುದಲ್ಲ, ಎಲ್ಲಿಯವರೆಗೆ ಅದು ಸಲ್ಲುತ್ತಿತ್ತು ಎಂಬುದು.

ಈ ಪ್ರಶ್ನೆಯನ್ನು ಇಟ್ಟುಕೊಂಡು ನಮ್ಮ ಪೇಟೆಗಳಿಗೆ ಮರಳೋಣ. ಲೋಹಕ್ಕೆ ನಿಷೇಧ, ಕಾಗದಕ್ಕೆ ಬೇಲಿ. ಉಳಿದ ದಾರಿಗಳು ಮೂರು-ನಾಲ್ಕು. ದೇಶದ ಹಲವೆಡೆ ಅಂಚೆಚೀಟಿಯೇ ಚಿಲ್ಲರೆಯಾಗಿ ಕೈಬದಲಾಯಿತು. ಬೆವರಿಗೂ ಮಳೆಗಾಲದ ಥಂಡಿಗೂ ಅಂಟಿಕೊಂಡು ಹಾಳಾಗುವ ಹಣವದು. ಚಿಲ್ಲರೆಯ ಬದಲು ಸಾಮಾನನ್ನೇ ಕೊಟ್ಟು ಕಳಿಸುವುದು ಇನ್ನೊಂದು. ಮೂರನೆಯದು ಉದ್ರಿ: ಇವತ್ತಿನ ಮೂರು ಪೈಸೆಯನ್ನು ಖಾತೆಗೆ ಬರೆದು, ನಾಲ್ಕು ಸೇರಿ ಆಣೆಯಾದಾಗ, ಆಣೆಗಳು ಸೇರಿ ಪಾವಲಿಯಾದಾಗ ತೀರಿಸುವುದು. ನಾಲ್ಕನೆಯದು ಚೀಟಿ. ಯಜಮಾನ ಒಂದು ತುಂಡು ಕಾಗದದಲ್ಲಿ ಸಹಿ ಮಾಡಿ ಕೊಟ್ಟದ್ದನ್ನು ಪರಿಚಯದ ಕಿರಾಣಿ ಅಂಗಡಿ ಒಪ್ಪಿ ಸಾಮಾನು ಕೊಡುವುದು, ತಿಂಗಳಿಗೊಮ್ಮೆ ಎರಡು ಅಂಗಡಿಗಳು ಕೂತು ಲೆಕ್ಕ ಹೊಂದಿಸುವುದು. ಇದು ನಮ್ಮ ಪೇಟೆಗಳ ಹಳೆಯ ರೂಢಿ, ಯುದ್ಧ ಕಲಿಸಿದ್ದಲ್ಲ. ಹಾಗೆ ನೋಡಿದರೆ ಲಿಂಡೆನ್‌ಮ್ಯೂಲರನ ಬಿಲ್ಲೆಗಿಂತ ಈ ಚೀಟಿ ಗಟ್ಟಿ. ಬಿಲ್ಲೆ ಯಾರ ಕೈಗೆ ಹೋಯಿತೆಂದು ಅವನಿಗೆ ಗೊತ್ತಿರಲಿಲ್ಲ. ಚೀಟಿ ಬರೆದವನಿಗೂ ಒಪ್ಪಿದವನಿಗೂ ಪರಸ್ಪರರ ಮನೆತನ ಗೊತ್ತಿತ್ತು.

ಆದರೆ ಇದರ ಹೊರೆ ಬಿದ್ದದ್ದು ಕೂಲಿಯವರ ಮೇಲೆ ಎಂಬುದನ್ನು ಮರೆಯುವಂತಿಲ್ಲ. ಚೀಟಿ ಹಿಡಿದವರು ಚೀಟಿ ನಡೆಯುವ ಅಂಗಡಿಯಲ್ಲೇ ಕೊಳ್ಳಬೇಕು, ಅಲ್ಲಿಯ ಬೆಲೆಗೇ ಕೊಳ್ಳಬೇಕು. ಯುದ್ಧಕಾಲದ ಚೀಟಿಯನ್ನು ಊರಿನ ಒಗ್ಗಟ್ಟಿನ ಗುರುತೆಂದು ಮಾತ್ರ ಕೊಂಡಾಡುವ ಬರಹಗಳಲ್ಲಿ ಈ ಮುಖ ಕಾಣುವುದಿಲ್ಲ.

ಚೀಟಿಗೆ ಇನ್ನೂ ಗಟ್ಟಿಯಾದ ಗೋಡೆಯೊಂದಿತ್ತು: ಸರ್ಕಾರದ ಕಟ್ಟೆ. ರೈಲಿನ ಟಿಕೀಟು, ಅಂಚೆ ಕಚೇರಿ, ಚಾವಡಿಯಲ್ಲಿ ಕಟ್ಟುವ ಕಂದಾಯ, ಇವೆಲ್ಲಕ್ಕೂ ಸರ್ಕಾರದ ಹಣವೇ ಬೇಕು. ಕಿಸ್ತಿನ ದಿನ ಬರುತ್ತದೆಂದು ರೈತ ಕೈಗೆ ಬಂದ ನಾಣ್ಯವನ್ನು ತೆಗೆದಿಡುವುದು ಅನಿವಾರ್ಯ. ಹೀಗೆ ತೆಗೆದಿಟ್ಟದ್ದೂ ಕಾನೂನಿನ ಕಣ್ಣಲ್ಲಿ ಕೂಡಿಡುವಿಕೆಯಂತೆ ಕಾಣಬಹುದಿತ್ತು. ಈ ಹಿನ್ನೆಲೆಯಲ್ಲಿ 1943ರ ಏಪ್ರಿಲ್ 1ರ ಹೊಸರಿತ್ತಿಯ ಘಟನೆಯನ್ನು ಓದಬೇಕು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪ ತಮ್ಮ ಸಂಗಡಿಗರೊಂದಿಗೆ ಅಂದು ದಾಳಿ ಮಾಡಿದ್ದು ಅಲ್ಲಿನ ವೀರಭದ್ರನ ಗುಡಿಯಲ್ಲಿ ಇರಿಸಿದ್ದ ಕಂದಾಯದ ಹಣದ ಮೇಲೆ. ಪೊಲೀಸರ ಗುಂಡಿಗೆ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಬಲಿಯಾದರು. ಕ್ವಿಟ್ ಇಂಡಿಯಾ ಚಳವಳಿಯ ಇತಿಹಾಸದಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ. ಹಣದ ಇತಿಹಾಸ ಬರೆಯುವವರೂ ಇದನ್ನು ಗಮನಿಸಬೇಕು. ಪೇಟೆಯಲ್ಲಿ ಪೈಸೆಗೆ ತತ್ವಾರವಿದ್ದ ವರ್ಷ ರೈತರಿಂದ ಎತ್ತಿದ ಹಣ ಅಲ್ಲಿ ಕಾವಲಿನಲ್ಲಿತ್ತು.

ನಾಣ್ಯದ ಮೇಲಿನ ಲಿಪಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಆ ಕಾಲದ ಒಂದಾಣೆಯ ಮೇಲೆ ಇಂಗ್ಲಿಷಿನ ಜೊತೆ ಹಿಂದಿ, ಉರ್ದು, ಬಂಗಾಳಿ, ತೆಲುಗು ಇದ್ದವು. ಕನ್ನಡ ಇರಲಿಲ್ಲ. ತೆಲುಗಿನ ಸಾಲನ್ನು ಕನ್ನಡಿಗರು ಕಷ್ಟವಿಲ್ಲದೆ ಓದಿಕೊಳ್ಳುತ್ತಿದ್ದಿರಬಹುದು, ಅಷ್ಟೆ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳ ಮೇಲೆ ಕನ್ನಡ ಅಕ್ಷರಗಳಿದ್ದವು. 1843ರಲ್ಲಿ ಮೈಸೂರು ಸಂಸ್ಥಾನದ ಟಂಕಸಾಲೆ ಮುಚ್ಚಿದ ಮೇಲೆ ಅದೂ ನಿಂತಿತು. ಆದ್ದರಿಂದ 1943ರ ಒಂದು ಅಂಗಡಿ ಚೀಟಿ ಕನ್ನಡದಲ್ಲಿ ಸಿಕ್ಕರೆ, ನೂರು ವರ್ಷಗಳ ಬಳಿಕ ಕನ್ನಡದಲ್ಲಿ ಚಿಲ್ಲರೆಯ ಬೆಲೆ ಬರೆದುಕೊಂಡು ಕೈಬದಲಾದ ವಸ್ತು ಅದು. ಮೋಡಿ ಲಿಪಿಯಲ್ಲಿ ಸಿಕ್ಕರೂ ಬಿಡಬಾರದು. ಈ ಸೀಮೆಯ ಹಳೆಯ ಲೆಕ್ಕಗಳಲ್ಲಿ ಎರಡೂ ಲಿಪಿಗಳು ಬೆರೆತಿವೆ, ಮೋಡಿ ಓದಬಲ್ಲವರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ.

ಹಾಗಾದರೆ ಸಂಗ್ರಹಿಸುವವರು ಏನನ್ನು ನೋಡಬೇಕು? ಚೀಟಿ ಹಣ ಕೊಡುತ್ತೇನೆನ್ನುತ್ತದೆಯೋ, ಸಾಮಾನು ಕೊಡುತ್ತೇನೆನ್ನುತ್ತದೆಯೋ. ತಂದವರಿಗೆ ಎನ್ನುತ್ತದೆಯೋ, ಹೆಸರು ಹೇಳುತ್ತದೆಯೋ. 1934ರ ಕಾಯ್ದೆ ನೆನಪಿದ್ದರೆ ಈ ಪದಗಳ ಎಚ್ಚರ ಅರ್ಥವಾಗುತ್ತದೆ. ತೀರಿದ ಚೀಟಿಯನ್ನು ಹರಿದು ಎಸೆಯುವುದೇ ರೂಢಿ, ಹಾಗಾಗಿ ಉಳಿದದ್ದು ಒಂದೋ ತೀರದ ಬಾಕಿ, ಇಲ್ಲವೆ ಲೆಕ್ಕಕ್ಕೆಂದು ಕಿರ್ದಿಯೊಳಗೆ ಸೇರಿದ್ದು. ಕಿರ್ದಿಯಿಂದ ಅದನ್ನು ಬೇರ್ಪಡಿಸಿ ಆಲ್ಬಮ್ಮಿಗೆ ಅಂಟಿಸಿದ ಕ್ಷಣ ಅದರ ಅರ್ಧ ಜೀವ ಹೋಯಿತು. ಯಾವ ಪುಟದಲ್ಲಿತ್ತು, ಆ ಪುಟದ ತಾರೀಖು ಯಾವುದು, ಎದುರಿನ ಖಾತೆ ಯಾರದು, ಇವು ಚೀಟಿಯಷ್ಟೇ ಮುಖ್ಯ. ಹಳೆಯ ಪುಸ್ತಕವನ್ನು ತೂಕಕ್ಕೆ ಕೊಂಡು, ಚೆಂದದ ಹಾಳೆಗಳನ್ನು ಕತ್ತರಿಸಿಕೊಂಡು ಉಳಿದದ್ದನ್ನು ರದ್ದಿಗೆ ಹಾಕುವ ಸಂಗ್ರಾಹಕರು ಇದ್ದಾರೆ. ಇದು ಸಂಗ್ರಹವಲ್ಲ, ನಾಶ.

ಲೋಹದ ಬಿಲ್ಲೆಗಳ ವಿಷಯದಲ್ಲಿ ಎಚ್ಚರ ಬೇರೆ ರೀತಿಯದು. ಜಾತ್ರೆಯ ಅಂಗಡಿಗಳಲ್ಲಿ ರಾಮ-ಸೀತೆಯರ ಚಿತ್ರ, ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818 ಎಂಬ ಇಸವಿ ಇರುವ ಬಿಲ್ಲೆಗಳು ಸಿಗುತ್ತವೆ. ಕಂಪನಿ ಅಂಥ ನಾಣ್ಯ ಹೊಡೆಸಿಯೇ ಇಲ್ಲ. ಗಿರಣಿಯ ಹಾಜರಿ ಬಿಲ್ಲೆ, ಹೋಟೆಲಿನ ಊಟದ ಬಿಲ್ಲೆಗಳನ್ನೂ ಯುದ್ಧಕಾಲದ ಹಣವೆಂದು ಮಾರುವವರಿದ್ದಾರೆ. 1889ರ ಕಾಯ್ದೆ ಗೊತ್ತಿದ್ದವರು ಅಂಥ ಮಾತನ್ನು ಸುಲಭಕ್ಕೆ ನಂಬುವುದಿಲ್ಲ. ನಿಜವಾದ ನಾಣ್ಯ ಸಿಕ್ಕರೆ ಹುಣಸೆಹಣ್ಣು, ಲಿಂಬೆ, ಬೂದಿಯಿಂದ ತಿಕ್ಕಬಾರದು. ಕಾಗದವನ್ನು ಲ್ಯಾಮಿನೇಟ್ ಮಾಡಿಸಲೇಬಾರದು. ಬಿಸಿಯೂ ಅಂಟೂ ಸೇರಿ ಅದನ್ನು ಮತ್ತೆಂದೂ ಬಿಡಿಸಲಾರದಂತೆ ಮಾಡುತ್ತವೆ.

ಈ ಕೆಲಸ ಯುದ್ಧಕಾಲಕ್ಕೇ ನಿಲ್ಲಬೇಕಾಗಿಲ್ಲ. 2011ರ ಜೂನ್ ಕೊನೆಗೆ ಇಪ್ಪತ್ತೈದು ಪೈಸೆ ಚಲಾವಣೆಯಿಂದ ಹೋಯಿತು. ಅದೇ ವರ್ಷದ ನಾಣ್ಯ ಕಾಯ್ದೆ 1889ರ ಕಾಯ್ದೆಯನ್ನು ರದ್ದುಮಾಡಿ ಅದರ ನಿಷೇಧವನ್ನು ತನ್ನೊಳಗೆ ಉಳಿಸಿಕೊಂಡಿತು. ಚಿಲ್ಲರೆ ಇಲ್ಲದಾಗ ಬಸ್ ಕಂಡಕ್ಟರರು ಟಿಕೀಟಿನ ಹಿಂದೆ ಬಾಕಿಯ ಮೊತ್ತ ಬರೆದು ಗೆರೆ ಎಳೆದು ಕೊಡುವುದನ್ನು ಇಲ್ಲಿ ಕೂತವರೆಲ್ಲ ನೋಡಿದ್ದೀರಿ. ಆ ಟಿಕೀಟು ಒಂದು ಪ್ರಯಾಣದ ದೂರಕ್ಕೆ, ಒಬ್ಬ ಕಂಡಕ್ಟರರ ಮಾತಿನ ಮೇಲೆ ನಡೆಯುವ ಹಣ. ಚಹಾದಂಗಡಿಗೂ ಮೊಬೈಲಿನ ಪಾವತಿ ಬಂದಿರುವ ಈ ದಿನಗಳಲ್ಲಿ ಅದೂ ಬೇಗ ಮರೆಯಾಗಲಿದೆ. ಹಿಂದೆ ಬಾಕಿ ಬರೆದ ಒಂದು ಟಿಕೀಟನ್ನು, ಮಾರ್ಗದ ಹೆಸರು ಕಾಣುವಂತೆ, ಈಗಲೇ ಎತ್ತಿಡಬೇಕು.

ಈ ಸೀಮೆಯಲ್ಲಿ ಆಗಬೇಕಾದ ಮೊದಲ ಕೆಲಸ ಸ್ಪಷ್ಟವಿದೆ. ಮೂರೂ ಊರುಗಳ ಹಳೆಯ ಅಡತಿ ಮನೆತನಗಳು, 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಆರಂಭವಾದ ಸಹಕಾರ ಚಳವಳಿಯ ಹಾದಿಯಲ್ಲಿ ಹುಟ್ಟಿದ ಸಂಘಗಳು, ಮಠಗಳ ಭಂಡಾರಗಳು, ಈ ಮೂರು ಕಡೆ 1940ರಿಂದ 1946ರವರೆಗಿನ ಕಿರ್ದಿ-ಖತಾವಣಿಗಳು ಎಲ್ಲೆಲ್ಲಿ ಉಳಿದಿವೆ ಎಂಬ ಪಟ್ಟಿ ಆಗಬೇಕು. ಪುಸ್ತಕಗಳು ಮನೆಯವರಲ್ಲೇ ಇರಲಿ. ಪುಟಗಳ ಚಿತ್ರ ತೆಗೆದು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲೋ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಲ್ಲೋ ಇಡಬಹುದು. ಜೊತೆಗೆ ಸಂಯುಕ್ತ ಕರ್ನಾಟಕ ಪತ್ರಿಕೆಯ ಆ ವರ್ಷಗಳ ಸಂಚಿಕೆಗಳನ್ನು ಎದುರಿಗಿಟ್ಟುಕೊಂಡು ಓದಿದರೆ, ಯಾವ ತಿಂಗಳು ಚಿಲ್ಲರೆ ಹೆಚ್ಚು ಬಿಗಿಯಾಗಿತ್ತು, ಮೆಣಸಿನಕಾಯಿಯ ಸುಗ್ಗಿಯಲ್ಲಿ ಹಮಾಲಿ ಹೇಗೆ ಸಂದಿತು, ತೂತಿನ ಪೈಸೆ ಬ್ಯಾಡಗಿಯ ಗಲ್ಲೆಗೆ ಮೊದಲು ಬಿದ್ದದ್ದು ಯಾವಾಗ ಎಂಬುದನ್ನು ತಾರೀಖು ಸಹಿತ ಬರೆಯಲು ಸಾಧ್ಯ. ಮೋಡಿ ಓದಬಲ್ಲ ಇಬ್ಬರು, ಕ್ಯಾಮೆರಾ ಹಿಡಿಯಬಲ್ಲ ನಾಲ್ವರು ವಿದ್ಯಾರ್ಥಿಗಳು ಸಿಕ್ಕರೆ ಬರುವ ಬೇಸಿಗೆ ರಜೆಯಲ್ಲೇ ಬ್ಯಾಡಗಿಯಿಂದ ಆರಂಭಿಸಬಹುದು.